ಅವ್ವ ಪೂಜೆ ಮಾಡಿದ ಕ್ಯಾಮೆರಾ

ಆಗ ನಾನು ಮಸ್ಕಿಯಲ್ಲಿ ಡ್ರಾಯಿಂಗ್ ಮಾಸ್ತರ. ಹಟ್ಟಿ ಚಿನ್ನದ ಗಣಿಯಲ್ಲಿದ್ದ ಗೆಳೆಯನ ಹತ್ತಿರ ಕೀಲಿ ಕೊಟ್ಟು ನಡೆಸುವ ಸಿನಿಮಾ ಕ್ಯಾಮೆರಾ ಇತ್ತು. ಕಾಡಿ ಬೇಡಿ ಇಸಿದುಕೊಂಡೆ. ನಾಲ್ಕು ನಿಮಿಷದ ಬಣ್ಣದ ರೀಲು, ಒಂದೇ ಒಂದು. ಕಥೆಯಿಲ್ಲದ, ಮಾತಿಲ್ಲದ ಚಿತ್ರ ತೆಗೆಯುವ ಹುಚ್ಚು ನನಗೆ. ಬಳಗಾನೂರಿನ ಹತ್ತಿರದ ನಮ್ಮ ಜೋಳದ ಹೊಲ, ಅಷ್ಟೇ.

"ಹೀರೋ ಯಾರಲೇ?" ಎಂದ ಗೆಳೆಯ.

"ಜೋಳ."

"ಮತ್ತ ಹೀರೋಯಿನ್ನು ತೊಗರಿ ಏನು?"

ನಗಲಿ ಬಿಡಿ. ನನಗೆ ಮಾತ್ರ ಅವಸರ. ಕಾಲುವೆ ನೀರು ನಮ್ಮ ಕಡೆಗೂ ಬಂದಿತ್ತು. ಈ ಬೆಳೆ ಕೊಯ್ದ ಮೇಲೆ ಹೊಲ ಸಮ ಮಾಡಿ ಭತ್ತ ಹಚ್ಚುವುದೆಂದು ಅಪ್ಪ ಗಟ್ಟಿ ಮಾಡಿಬಿಟ್ಟಿದ್ದ. ಮದುವೆಯಾಗಿ ಬಂದಾಗಿನಿಂದ ಅಲ್ಲೇ ದುಡಿದ ಅವ್ವ ಒಂದೇ ಮಾತು ಕೇಳಿದ್ದಳು: "ನನ್ನ ಹೊಲಾ ಹೆಂಗಿತ್ತಂತ ಮುಂದ ನೋಡಾಕ ಇಟ್ಟುಕೊಡಪ್ಪಾ." ರೀಲು ಕೆಟ್ಟರೆ ಇನ್ನೊಂದು ಜೋಳದ ಬೆಳೆ ಎಲ್ಲಿಂದ ತರಲಿ?

ಮಹಾನವಮಿಯ ಹೊತ್ತಿಗೆ ಅರ್ಧ ರೀಲು ಮುಗಿದಿತ್ತು. ಅವತ್ತು ಮುಂಜಾನೆ ಜಳಕ ಮಾಡಿ ಬರುತ್ತೇನೆ, ಕುಡುಗೋಲು, ಕುರ್ಪಿ, ಕೊಡಲಿಯ ಸಾಲಿನಲ್ಲಿ ಕ್ಯಾಮೆರಾವೂ ಪೂಜೆಗೆ ಕೂತಿದೆ. ಮುಚ್ಚಳ ತೆರೆದಿದೆ. ಒಳಗೆ ಚೆಂಡುಹೂವಿನ ಎಸಳು!

"ಅದರ ಜೀವ ಇರೋದು ಒಳಗಲ್ಲೇನು? ಮ್ಯಾಲಷ್ಟ ಪೂಜಿ ಮಾಡಿದ್ರ ಮುಟ್ಟತೈತೇನಪ್ಪಾ?" ಎಂದಳು ಅವ್ವ.

"ಬೆಳಕು ಬಿದ್ರ ರೀಲು ಸತ್ತಂಗ ಬೇ! ಹಾಳು ಮಾಡಿದಿ!"

ಹಬ್ಬದ ದಿನ ಹೆತ್ತವಳ ಮೇಲೆ ಹರಿಹಾಯ್ದೆ. ನನ್ನ ನಾಲಿಗೆ ಸೇದಿಹೋಗಬೇಕಿತ್ತು.

ಮುಚ್ಚಳ ಹಾಕಿ, ಆದದ್ದಾಗಲಿ ಎಂದು ಉಳಿದರ್ಧವನ್ನೂ ತೆಗೆಯಲು ಹೋದೆ. ತೆನೆಗಳ ನಡುವೆ ನಡೆದು ಬಾ ಎಂದರೆ ಅವ್ವ ಬದುವಿನಿಂದ ಇಳಿಯಲೇ ಇಲ್ಲ. "ನಾ ಬಂದ್ರ ಮತ್ತ ಕೆಡತೈತಿ." ಸರಿ, ಅವಳ ಬದಲು ಕ್ಯಾಮೆರಾವೇ ನಡೆಯಲಿ ಎಂದು ಅದನ್ನು ಎದೆಗೆ ಒತ್ತಿ ಹಿಡಿದು ಜೋಳದೊಳಗೆ ನುಗ್ಗಿದೆ.

ರೀಲು ಬೊಂಬಾಯಿಗೆ ಹೋಗಿ ತೊಳೆಸಿಕೊಂಡು ಬರಲು ತಿಂಗಳುಗಳೇ ಹಿಡಿದವು. ಅಂಚೆಯವನ ಸೈಕಲ್ ಕಂಡರೆ ಓಡಿಹೋಗಿ ಕೇಳುತ್ತಿದ್ದೆ. ರೀಲು ಬರುವಷ್ಟರಲ್ಲಿ ಹೊಲದಲ್ಲಿ ಭತ್ತಕ್ಕೆ ನೀರು ನಿಂತಿತ್ತು.

ಗೆಳೆಯನ ಕ್ವಾರ್ಟರ್ಸಿನಲ್ಲಿ ಕರೆಂಟಿತ್ತು, ಪ್ರೊಜೆಕ್ಟರೂ ಇತ್ತು. ಅವ್ವನನ್ನು ಬಸ್ಸಿನಲ್ಲಿ ಹಟ್ಟಿಗೆ ಕರೆದೊಯ್ದೆ. ಕಿಟಕಿಗೆ ಕಂಬಳಿ ಕಟ್ಟಿ ಗೋಡೆಯ ಮೇಲೆ ಚಿತ್ರ ಬಿಟ್ಟೆವು.

ಜೋಳ ಉಳಿದಿತ್ತು! ಬೆಳಕು ನುಗ್ಗಿದ ಕಡೆಯೆಲ್ಲ ಅಂಚಿನಿಂದ ಕಿತ್ತಳೆ ಬಣ್ಣದ ಉರಿ ಎದ್ದು ತೆನೆಗಳನ್ನು ನುಂಗುತ್ತಿತ್ತು, ಮರುಗಳಿಗೆ ತೆನೆಗಳು ಮತ್ತೆ ತೂಗುತ್ತಿದ್ದವು. ಏಳು ಜನ್ಮ ಯೋಚಿಸಿದರೂ ನನ್ನಿಂದಾಗದ ಚಿತ್ರ.

"ಇದನ್ನ ಹೆಂಗ ಮಾಡಿದಿಲೇ!" ಗೆಳೆಯ ಕುರ್ಚಿಯಿಂದ ಎದ್ದೇಬಿಟ್ಟ.

"ನಾ ಅಲ್ಲಪ್ಪಾ, ನಮ್ಮವ್ವ ಮಾಡಿದ್ದು," ಎಂದು ಹಿಗ್ಗಿ ತಿರುಗಿದೆ.

ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

"ಆ ಬೆಂಕಿ ತಗದು ತೋರ್ಸಾಕ ಬರಂಗಿಲ್ಲೇನಪ್ಪಾ? ನನ್ನ ಹೊಲಾನ ಕಾಣವಲ್ದು."