ಹೆಸರು ಬರೆಯದ ಡಬ್ಬಿಗಳು

ಶಿಡ್ಲಘಟ್ಟದಲ್ಲಿ ಬಸ್ಸಿನಿಂದ ಇಳಿದು ನಾಲ್ಕು ಹೆಜ್ಜೆ ನಡೆದಿದ್ದೆ, ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಹತ್ತಿರದಲ್ಲೇ ಏನೋ ಸತ್ತು ಬಿದ್ದಿದೆ ಅನ್ನಿಸಿತು. ಕೈಯಲ್ಲಿ ಎರಡು ಚೀಲ, ನರ್ಸ್ ಕೆಲಸದ ಆದೇಶಪತ್ರ. ನಡೆದಷ್ಟೂ ವಾಸನೆ ದಟ್ಟವಾಗುತ್ತಿತ್ತೇ ಹೊರತು ಕಡಿಮೆಯಾಗಲಿಲ್ಲ. ಗಲ್ಲಿಯೊಂದರಲ್ಲಿ ಗೋಣಿತಾಟಿನ ಮೇಲೆ ಕಂದು ಬಣ್ಣದ ಏನನ್ನೋ ಒಣಹಾಕಿದ್ದರು. ಬಗ್ಗಿ ನೋಡಿದರೆ ಹುಳ. ಗೂಡು ಬೇಯಿಸಿ ರೇಷ್ಮೆನೂಲು ತೆಗೆದ ಮೇಲೆ ಉಳಿಯುವ ಸತ್ತ ಹುಳ.

"ಅದು ನಮ್ಮೂರಿನ ಅನ್ನ ಕಣಮ್ಮ. ಒಂದು ತಿಂಗಳು ಇರು, ಮೂಗಿಗೆ ಗೊತ್ತೇ ಆಗಲ್ಲ," ಎಂದರು ಮನೆ ಒಡತಿ ಮುನಿರತ್ನಮ್ಮ. ಊರಾಚೆ ಅವರದೇ ಹಿಪ್ಪುನೇರಳೆ ತೋಟವಿತ್ತು. ಒಂಟಿ ಹೆಂಗಸಿಗೆ ಮನೆ ಕೊಡಲು ನಾಲ್ಕು ಮಂದಿ ಹಿಂದೆಮುಂದೆ ನೋಡಿದ್ದರು. ಇವರು ನನ್ನ ಕೆಲಸ ಕೇಳಿ, "ನರ್ಸಮ್ಮ ಮನೇಲಿದ್ರೆ ನನ್ನ ಬಿಪಿ ನೋಡೋಕೆ ಅನುಕೂಲ" ಎಂದು ಬೀಗದ ಕೈ ಕೊಟ್ಟರು.

ಕನ್ನಡದ ಊರಿಗೆ ಹೋಗುತ್ತಿದ್ದೇನೆ, ಮಾತಿನ ಚಿಂತೆ ಇಲ್ಲ ಎಂದುಕೊಂಡು ಉತ್ತರ ಕರ್ನಾಟಕದ ವಿಜಯಪುರ ಬಿಟ್ಟಿದ್ದೆ. ಇಲ್ಲಿ ನೋಡಿದರೆ ಮುನಿರತ್ನಮ್ಮ ನನ್ನೊಡನೆ ಕನ್ನಡ, ಗಂಡನೊಡನೆ ತೆಲುಗು. ಬೆಳಗಾದರೆ "ತಿನ್ನಾವಾ?" ಎನ್ನುತ್ತಿದ್ದರು, ಅಂದರೆ ತಿಂದೆಯಾ ಎಂದು. ರೇಷ್ಮೆ ಕೆಲಸದವರ ಗಲ್ಲಿಗಳಲ್ಲಿ ಉರ್ದು. ನನ್ನ ಕನ್ನಡವೇ ಎಲ್ಲರಿಗೂ ವಿಚಿತ್ರ. ನಮ್ಮ ಕಡೆ ಅಕ್ಕರೆಯಿಂದ "ಬಾ ಬೇ, ಕೂಡ್ರು" ಎನ್ನುತ್ತೇವಲ್ಲ, ಹಾಗೆ ಆರೋಗ್ಯ ಕೇಂದ್ರದಲ್ಲಿ ಮೊದಲ ವಾರವೇ ಒಬ್ಬ ಹಿರಿಯ ಹೆಂಗಸಿಗೆ ಅಂದುಬಿಟ್ಟೆ. ಆಕೆ ಮುಖ ಕೆಂಪಗೆ ಮಾಡಿಕೊಂಡು, "ಮರ್ಯಾದೆ ಕೊಟ್ಟು ಮಾತಾಡಮ್ಮ" ಎಂದರು. ಆಮೇಲೆ ಬಾಯಿ ತೆರೆಯುವ ಮೊದಲು ಪ್ರತಿ ಮಾತನ್ನೂ ಒಳಗೇ ಒಮ್ಮೆ ಆಡಿ ನೋಡುವ ಅಭ್ಯಾಸವಾಯಿತು. ಜೋಳದ ರೊಟ್ಟಿ ಇಲ್ಲದ್ದಕ್ಕಿಂತ ಅದೇ ಹೆಚ್ಚು ಸುಸ್ತು ಮಾಡುತ್ತಿತ್ತು. ಫೋನಿನಲ್ಲಿ ಅವ್ವ "ಹೆಂಗದಿಯವ್ವಾ?" ಎಂದರೆ ಸಾಕು, ತಡೆಯಿಲ್ಲದೆ ಮಾತಾಡುತ್ತಿದ್ದೆ.

ನೂಲು ಬಿಚ್ಚುವ ಮನೆಗಳಲ್ಲಿ ಹೆಂಗಸರು ದಿನವಿಡೀ ಬಿಸಿನೀರಿಗೆ ಕೈ ಹಾಕಿ, ಹಬೆಯಲ್ಲಿ ಉಸಿರಾಡುತ್ತಾರೆ. ಕೆಮ್ಮು ಮನೆಮನೆಯ ಮಾತು. ಯಾವ ಕೆಮ್ಮು ಹಬೆಯದು, ಯಾವುದು ಕ್ಷಯ ಎಂದು ತಿಳಿಯಲು ಕಫ ಪರೀಕ್ಷೆ ಆಗಬೇಕು. ನಾವು ಶಿಬಿರ ಇಟ್ಟು, ಮೈಕಿನಲ್ಲಿ ಕೂಗಿಸಿದೆವು. ಒಬ್ಬರೂ ಬರಲಿಲ್ಲ. ಆಗ ನಮ್ಮ ಡಾಕ್ಟರು, "ಆ ಗಲ್ಲೀಲಿ ಮುಸ್ಲಿಂ ಹೆಣ್ಮಕ್ಕಳ ಸಂಘ ಒಂದಿದೆ. ಅವರನ್ನ ಜೊತೆಗೆ ಹಾಕ್ಕೊಳ್ಳಿ" ಎಂದು ನನ್ನನ್ನು ಕಳಿಸಿದರು.

ಸಂಘ ಎಂದರೆ ಒಂದು ಕೋಣೆ, ಐದು ಹೊಲಿಗೆ ಯಂತ್ರ. ನಡೆಸುತ್ತಿದ್ದವರು ಜರೀನಾ ಆಪಾ. ಆಪಾ ಎಂದರೆ ಅಕ್ಕ. ಐವತ್ತರ ಹತ್ತಿರದ, ತೆಳ್ಳಗಿನ ಹೆಂಗಸು. ಹುಡುಗಿಯರಿಗೆ ಹೊಲಿಗೆ ಕಲಿಸುತ್ತಿದ್ದರು, ಪಿಂಚಣಿ ಅರ್ಜಿ ತುಂಬಿಕೊಡುತ್ತಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದರು.

"ಹೆಸರು ಆಚೆಗೆ ಹೋಗಲ್ಲ ತಾನೇ ಸಿಸ್ಟರ್?"

"ಹೋಗಲ್ಲ," ಎಂದೆ.

ಮರುದಿನವೇ ಕೆಮ್ಮಿರುವವರ ಪಟ್ಟಿಯನ್ನು ತಮ್ಮ ಕೈಯಾರೆ ಬರೆದು ಕೊಟ್ಟರು.

ಅದರ ಫೋಟೋ ತೆಗೆದು ನಮ್ಮ ಕೆಲಸದ ವಾಟ್ಸಾಪ್ ಗುಂಪಿಗೆ ಹಾಕಿದವಳು ನಾನೇ. ಆಶಾ ಕಾರ್ಯಕರ್ತೆಯರಿಗೆ ಮನೆ ಹುಡುಕಲು ಸುಲಭವಾಗಲಿ ಎಂಬುದಷ್ಟೇ ಮನಸ್ಸಿನಲ್ಲಿತ್ತು. ಗುಂಪಿನಲ್ಲಿ ಬೇರೆ ಯಾರು ಯಾರಿದ್ದಾರೆ ಎಂದು ನೋಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಆ ಫೋಟೋ ಊರಲ್ಲಿ ಓಡಾಡುತ್ತಿತ್ತು. ಸಂಜೆ ಜರೀನಾ ಆಪಾ ಆರೋಗ್ಯ ಕೇಂದ್ರಕ್ಕೆ ಬಂದರು. ಜೊತೆಗೆ ಶಮೀಮ್ ಎಂಬ ಹೆಂಗಸು. ನೂಲಿನ ಮನೆಯ ಯಜಮಾನರು ಪಟ್ಟಿಯಲ್ಲಿ ಅವಳ ಹೆಸರು ನೋಡಿ, ಕೆಮ್ಮು ಹೋದ ಮೇಲೆ ಬಾ ಎಂದು ಕೆಲಸದಿಂದ ಕಳಿಸಿದ್ದರು. ಅವಳಿಗಿನ್ನೂ ಪರೀಕ್ಷೆಯೇ ಆಗಿರಲಿಲ್ಲ.

"ಯಾರು ಹಾಕಿದ್ದು ಸಿಸ್ಟರ್?" ಎಂದರು ಆಪಾ.

"ವಿಚಾರಿಸ್ತೀವಮ್ಮ, ಯಾರೋ ತಿಳೀದೆ ಹಾಕಿರ್ತಾರೆ," ಎಂದು ಡಾಕ್ಟರೇ ಉತ್ತರಿಸಿದರು. ನನ್ನನ್ನು ಉಳಿಸಲು ಹೇಳಿದ್ದು. ಶಮೀಮ್‌ಳ ಬೆರಳುಗಳು ಬಿಸಿನೀರಿಗೆ ಸುಕ್ಕಾಗಿ ಬಿಳಿಚಿಕೊಂಡಿದ್ದವು. ಅವನ್ನೇ ನೋಡುತ್ತಾ ನಿಂತೆ.

ಎರಡು ದಿನ ಗಲ್ಲಿಯಲ್ಲಿ ಯಾರು ಮಾತಾಡಿದರೂ ನನ್ನ ಬಗ್ಗೆಯೇ ಅನ್ನಿಸುತ್ತಿತ್ತು. ನಮ್ಮೂರಲ್ಲಾಗಿದ್ದರೆ ನಾಲ್ಕು ಮನೆಯವರು ನನ್ನ ಪರ ನಿಲ್ಲುತ್ತಿದ್ದರು. ಇಲ್ಲಿ ನಾನು ಯಾರ ಮಗಳೆಂದು ಯಾರಿಗೂ ಗೊತ್ತಿಲ್ಲ. ಮೂರನೆಯ ದಿನ ಸಂಘದ ಕೋಣೆಗೆ ಹೋದೆ. ಯಂತ್ರಗಳ ಸದ್ದು ಒಂದೊಂದಾಗಿ ನಿಂತಿತು. ಒಳಗೇ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತುಹೋಗಿ, ವಿಜಯಪುರದ ಸಂತೆಯಲ್ಲಿ ಕಲಿತ ಉರ್ದು ಬಾಯಿಗೆ ಬಂತು.

"ಮೇರೀಚ್ ಗಲ್ತಿ ಹೈ," ಎಂದೆ. ತಪ್ಪು ನನ್ನದೇ.

ಆಪಾ ಕೆಮ್ಮುತ್ತಾ ಎದ್ದು ಸ್ಟೂಲು ಎಳೆದುಕೊಟ್ಟರು.

"ಗೊತ್ತಿತ್ತು. ಆವತ್ತೇ ನಿಮ್ಮ ಮುಖ ಹೇಳ್ತಿತ್ತು. ನೀವೇ ಬಂದು ಹೇಳ್ತೀರಾ ಇಲ್ವಾ ಅಂತ ನೋಡ್ತಿದ್ದೆ. ಮೊದ್ಲು ಶಮೀಮ್ ಕೆಲಸದ ಮಾತು. ಉಳಿದಿದ್ದು ಆಮೇಲೆ."

ನಾವಿಬ್ಬರೂ ನೂಲಿನ ಮನೆಯ ಯಜಮಾನರ ಬಳಿ ಹೋದೆವು. "ನನಗೂ ಮಕ್ಕಳಿದ್ದಾರಮ್ಮ, ಹೆದರಿಕೆ ಇರಲ್ವಾ?" ಎಂದರು ಅವರು. ಅದೂ ಸುಳ್ಳಲ್ಲ. ಅವಳಿಗೆ ರೋಗವಿದೆ ಎಂದು ಯಾರೂ ಹೇಳಿಲ್ಲ, ಪರೀಕ್ಷೆಯಲ್ಲಿ ಇಲ್ಲ ಎಂದು ಬಂದರೆ ಡಾಕ್ಟರ ಚೀಟಿ ನಾನೇ ತಂದುಕೊಡುತ್ತೇನೆ ಎಂದೆ. ಬಂದಾಗ ನೋಡೋಣ ಎಂದರು.

ದಾರಿಯಲ್ಲಿ ಆಪಾ ತಮ್ಮ ಷರತ್ತು ಹೇಳಿದರು. ಮೈಕು ಬೇಡ, ಫೋಟೋ ಬೇಡ. ಪರೀಕ್ಷೆ ಕೆಲಸಕ್ಕೆ ರಜೆಯಿರುವ ದಿನ, ಸಂಘದ ಕೋಣೆಯಲ್ಲೇ. ಕಫದ ಡಬ್ಬಿಯ ಮೇಲೆ ನಂಬರು ಮಾತ್ರ. ಯಾವ ನಂಬರು ಯಾರದು ಎಂಬ ಪುಸ್ತಕ ಸಂಘದಲ್ಲಿರುತ್ತದೆ. ರೋಗ ಇದೆ ಎಂದಾದರೆ ಹೆಸರು ಸರ್ಕಾರದ ದಾಖಲೆಗೆ ಹೋಗಲೇಬೇಕು ಎಂದು ನಾನು ಹೇಳಿದೆ. "ಸರಿ. ಆದ್ರೆ ಡಬ್ಬಿ ಕೊಡೋ ಮೊದ್ಲೇ ಅದನ್ನ ಬಾಯಿಬಿಟ್ಟು ಹೇಳ್ಬೇಕು," ಎಂದರು.

ಡಾಕ್ಟರು ಗೊಣಗಿದರು. "ಸಂಘದವರು ಷರತ್ತು ಹಾಕೋದು, ನಾವು ಒಪ್ಪೋದಾ?" ಹಾಗೆನ್ನುತ್ತಲೇ ಡಬ್ಬಿಗಳಿಗೆ ನಂಬರು ಬರೆಯಲು ಪೆನ್ನು ಕೊಟ್ಟರು.

ರಜೆಯ ದಿನ ಎಲ್ಲರೂ ಬಂದರು. ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಡಬ್ಬಿಯ ನಂಬರನ್ನೂ ಎರಡೆರಡು ಸಲ ನೋಡುತ್ತಿದ್ದೆ, ಮತ್ತೇನು ತಪ್ಪು ಮಾಡಿಬಿಡುತ್ತೇನೋ ಎಂದು. ಕೊನೆಯಲ್ಲಿ ಎಣಿಸಿದಾಗ ಪಟ್ಟಿಯಲ್ಲಿದ್ದವರಿಗಿಂತ ಒಂದು ಡಬ್ಬಿ, ಕೊನೆಯ ನಂಬರಿನದು, ಹೆಚ್ಚಿತ್ತು. ಯಾರೋ ಹೊಸಬರು ಕೊಟ್ಟಿರಬೇಕು ಎಂದುಕೊಂಡೆ.

ಫಲಿತಾಂಶ ಬಂತು. ಶಮೀಮ್‌ಗೆ ಕ್ಷಯ ಇರಲಿಲ್ಲ. ಚೀಟಿ ಹಿಡಿದು ಹೋದೆ. ಯಜಮಾನರು ಎರಡು ಸಲ ಓದಿ, ನಾಳೆಯಿಂದ ಬರಲಿ ಎಂದರು. ರೋಗವಿದ್ದದ್ದು ಒಬ್ಬರಿಗೇ, ಆ ಹೆಚ್ಚಿನ ಡಬ್ಬಿಯವರಿಗೆ. ಆಪಾ ಒಬ್ಬರೇ ಇದ್ದ ವೇಳೆ ನೋಡಿ ನಂಬರು ಹೇಳಿದೆ. ಅವರು ಪುಸ್ತಕ ತೆರೆಯಲಿಲ್ಲ.

"ಆ ಹೆಸರು ಇದ್ರಲ್ಲಿ ಇಲ್ಲ ಸಿಸ್ಟರ್. ಅದು ನನ್ದು."

ನಾನು ಸ್ಟೂಲು ಎಳೆದುಕೊಂಡು ಅವರ ಪಕ್ಕ ಕೂತೆ.

"ನಾನೇ ಕೆಮ್ತೀನಿ ಅಂತ ಗೊತ್ತಾದ್ರೆ ಯಾವ ತಾಯಿ ಮಗಳನ್ನ ಹೊಲಿಗೆಗೆ ಕಳಿಸ್ತಾಳೆ, ಹೇಳಿ? ಊರವರ ಹೆಸರೆಲ್ಲ ಬರೆದೆ, ನನ್ನದು ಬರೆಯೋಕೆ ಕೈ ಬರಲಿಲ್ಲ." ಆಮೇಲೆ ಮೆಲ್ಲಗೆ, "ಸರ್ಕಾರದ ದಾಖಲೆ ಬಿಟ್ರೆ ಇದು ನಿಮ್ಮತ್ರಾನೇ ಇರ್ಲಿ," ಎಂದರು.

ಒಮ್ಮೆ ಹೆಸರು ಬೀದಿಗೆ ಹಾಕಿದ ಕೈಗೇ ಅವರು ತಮ್ಮ ಹೆಸರು ಕೊಟ್ಟಿದ್ದರು. ಚಿಂತಾಮಣಿಯ ನಂಟರ ಮನೆಗೆ ಹೋಗುತ್ತೇನೆಂದು ಹೇಳಿ ಮೊದಲ ಕೆಲವು ವಾರ ತರಗತಿ ಮುಚ್ಚಿ ಮನೆಯಲ್ಲೇ ಉಳಿದರು. ಅಷ್ಟರಲ್ಲಿ ಅವರ ಹೆಸರೆತ್ತದೆ ಕಲಿಯುತ್ತಿದ್ದ ಹುಡುಗಿಯರನ್ನೂ ಆಪಾ ಮನೆಯವರನ್ನೂ ಪರೀಕ್ಷಿಸಿದೆವು, ಯಾರಿಗೂ ಹರಡಿರಲಿಲ್ಲ. ಆರು ತಿಂಗಳು ಮಾತ್ರೆ ತಲುಪಿಸಿದೆ. ಫೋನನ್ನು ಚೀಲದ ತಳದಲ್ಲಿಟ್ಟು ಅವರ ಮನೆಗೆ ಹೋಗುತ್ತಿದ್ದೆ, ಅದು ತಾನಾಗಿಯೇ ಏನಾದರೂ ಹೇಳಿಬಿಡುತ್ತದೋ ಎಂಬಂತೆ. ಕೊನೆಯ ಮಾತ್ರೆ ನುಂಗಿದ ದಿನ ಆಪಾ ಹೆಂಗಸರನ್ನೆಲ್ಲ ಕೂರಿಸಿಕೊಂಡು ತಾವೇ ಹೇಳಿದರು. ಇಬ್ಬರು ಎದ್ದುಹೋದರು. ಉಳಿದವರು ಕೂತಿದ್ದರು. ಹೆಸರು ಬದಲಿಸಿ ಇದನ್ನು ಬರೆಯಲು ಅವರೇ ಒಪ್ಪಿಗೆ ಕೊಟ್ಟಿದ್ದಾರೆ.

ಈಗ ಆ ಷರತ್ತುಗಳು ಒಂದು ಹಾಳೆಯಲ್ಲಿವೆ, ಕನ್ನಡದಲ್ಲೂ ಉರ್ದುವಿನಲ್ಲೂ. ಕೆಳಗೆ ಡಾಕ್ಟರ ಮೊಹರು, ಸಂಘದವರ ಸಹಿ. ಆದರೂ ನನಗೆ ಧೈರ್ಯವಿಲ್ಲ. ಡಾಕ್ಟರಿಗೆ ವರ್ಗವಾಗಬಹುದು, ನನಗೂ ಆಗಬಹುದು. ಮುಂದೆ ಬರುವವರು ಹಾಳೆ ಓದುತ್ತಾರೋ, ಮೈಕು ತರುತ್ತಾರೋ.

ಇದನ್ನು ವಿಜಯಪುರದಲ್ಲಿ ಕೂತು ಬರೆಯುತ್ತಿದ್ದೇನೆ, ರಜೆಯಲ್ಲಿ. ನಮ್ಮ ಜಿಲ್ಲೆಗೆ ವರ್ಗಾವಣೆ ಕೇಳಲು ಈ ಸೋಮವಾರ ಕೊನೆಯ ದಿನ. "ಅರ್ಜಿ ಹಾಕಿದಿಯಿಲ್ಲೋ? ನನಗೂ ವಯಸ್ಸಾತು," ಎಂದಳು ಅವ್ವ ಬೆಳಿಗ್ಗೆ ರೊಟ್ಟಿ ಬಡಿಯುತ್ತಾ. ಉತ್ತರಿಸುವ ಮೊದಲೇ ಫೋನು ಬಂತು. ಆಪಾ. ತೊಂಡೇಬಾವಿಯಿಂದ ಹೊಸದಾಗಿ ಕೆಲಸಕ್ಕೆ ಬಂದ ಹೆಂಗಸೊಬ್ಬಳು ಬಹಳ ಕೆಮ್ಮುತ್ತಿದ್ದಾಳಂತೆ, ಬೇರೆ ಯಾರ ಕೈಗೂ ಡಬ್ಬಿ ಕೊಡುತ್ತಿಲ್ಲವಂತೆ.

"ಯಾವಾಗ ಬರ್ತೀರಾ ಸಿಸ್ಟರ್?"

ಬರ್ತೀನಿ ಎಂದೆ, ಅವರ ಧಾಟಿಯಲ್ಲೇ. ಅವ್ವ ತಲೆಯೆತ್ತಿ ನನ್ನ ಮುಖ ನೋಡಿದಳು. ಮತ್ತೆ ರೊಟ್ಟಿ ಬಡಿಯತೊಡಗಿದಳು. ಅರ್ಜಿಗೆ ಸಹಿ ಹಾಕಿದ್ದೇನೆ. ಇನ್ನೂ ಕಳಿಸಿಲ್ಲ.