ಮೀಸೆ ಮೀನು ಮೊಟ್ಟೆಯಿಟ್ಟ ದಿನ

ಮೊನ್ನೆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಸರದಿಗಾಗಿ ಕಾಯುತ್ತಿದ್ದೆ. ಮೂಲೆಯಲ್ಲಿದ್ದ ಮೀನಿನ ತೊಟ್ಟಿಯ ಮುಚ್ಚಳ ತೆಗೆದು ಅಲ್ಲಿನ ನರ್ಸಮ್ಮ ನೀರು ಬದಲಿಸತೊಡಗಿದಳು. ಹಸಿ ಮರಳು, ಪಾಚಿ, ನೀರಲ್ಲಿ ನೆನೆದ ಕಬ್ಬಿಣ ಎಲ್ಲ ಬೆರೆತ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಜೀವ ಚಡಪಡಿಸಿಹೋಯಿತು. ಕೈಯಲ್ಲಿದ್ದ ಪತ್ರಿಕೆಯ ಒಂದು ಸಾಲೂ ತಲೆಗೆ ಹತ್ತಲಿಲ್ಲ. ಕಾಲು ಅಲ್ಲಾಡಿಸುತ್ತಲೇ ಇದ್ದೆನಂತೆ. ಪಕ್ಕದಲ್ಲಿ ಕೂತಿದ್ದವರು ಪಾಪ, 'ಬಹುತ್ ದರ್ದ್ ಹೈ ಕ್ಯಾ?' ಎಂದು ವಿಚಾರಿಸಿದರು. ಹಲ್ಲುನೋವನ್ನು ನಾನು ಮರೆತೇಬಿಟ್ಟಿದ್ದೆ. ಅರವತ್ತರ ಹೆಂಗಸು ಅರೆಗಳಿಗೆಯಲ್ಲಿ ಹನ್ನೊಂದರ ಹುಡುಗಿಯಾಗಿ ದಿಲ್ಲಿಯ ಸರೋಜಿನಿ ನಗರದ ನಮ್ಮ ಕ್ವಾರ್ಟರ್ಸಿಗೆ ಹೋಗಿ ನಿಂತಿದ್ದಳು.

ಆ ಕ್ವಾರ್ಟರ್ಸು ಈಗ ಇಲ್ಲ. ಸಾಲುಸಾಲಾಗಿ ಕೆಡವಿ ಮೇಲೆ ಮೇಲೆ ಕಟ್ಟುತ್ತಿದ್ದಾರೆ. ಒಮ್ಮೆ ಹುಡುಕಿಕೊಂಡು ಹೋಗಿ, ನಮ್ಮ ಮನೆ ಯಾವ ಜಾಗದಲ್ಲಿತ್ತು ಎಂಬುದೂ ಗೊತ್ತಾಗದೆ ಮರಳಿದೆ. ಹುಟ್ಟಿ ಬೆಳೆದ ಗೋಡೆಗಳನ್ನು ಹೀಗೆ ಕಳೆದುಕೊಂಡವರಿಗೆ ನಾನೇನೂ ಬಿಡಿಸಿ ಹೇಳಬೇಕಾಗಿಲ್ಲ. ಎರಡು ಕೋಣೆ, ಮುಂದೊಂದು ವರಾಂಡ, ಹಿಂದೊಂದು ಅಂಗಳ. ಅದರಲ್ಲಿ ಅಪ್ಪ, ಅಮ್ಮ, ನಾನು, ತಿಪಟೂರಿನಿಂದ ಬಂದು ನಮ್ಮೊಡನೆ ಉಳಿದಿದ್ದ ಅಪ್ಪನ ತಾಯಿ, ಅಪ್ಪನ ತಮ್ಮ ರಘು ಚಿಕ್ಕಪ್ಪ. ಅಪ್ಪನೂ ಚಿಕ್ಕಪ್ಪನೂ ಕೇಂದ್ರ ಸರ್ಕಾರದ ನೌಕರರು. ಅಷ್ಟು ಬಿಟ್ಟರೆ ಅಣ್ಣತಮ್ಮಂದಿರಲ್ಲಿ ಹೋಲಿಕೆಯೇ ಇರಲಿಲ್ಲ. ಅಪ್ಪ ಕೈಗೆತ್ತಿಕೊಂಡ ಯಾವುದನ್ನೂ ಅರ್ಧಕ್ಕೆ ಬಿಟ್ಟವರಲ್ಲ, ಚಿಕ್ಕಪ್ಪ ಯಾವುದನ್ನೂ ಅರ್ಧಕ್ಕಿಂತ ಮುಂದೆ ಒಯ್ದವನಲ್ಲ. ಸಂಜೆ ಕಾಲೇಜಿನಲ್ಲಿ ಲಾ ಓದಲು ಸೇರಿ ಬಿಟ್ಟ, ಪಿಟೀಲು ಕಲಿಯಲು ಹೋಗಿ ಬಿಟ್ಟ, ಹೋಮಿಯೋಪತಿಯ ದಪ್ಪ ಪುಸ್ತಕ ತಂದು ಮೂರು ರೋಗಗಳ ತನಕ ಓದಿ ಬಿಟ್ಟ. 'ನಿಂದು ಬರೀ ಆರಂಭಶೂರತನ ಕಣೋ. ಒಂದನ್ನಾದ್ರೂ ಮುಗಿಸಿ ತೋರಿಸು' ಎಂದು ಅಪ್ಪ ಊಟದ ಮಧ್ಯೆ ಅನ್ನುತ್ತಿದ್ದರು. ಚಿಕ್ಕಪ್ಪ ನಗುತ್ತಿದ್ದ. ಆ ಮಾತು ಅವನನ್ನು ಎಷ್ಟು ಚುಚ್ಚುತ್ತಿತ್ತು ಎಂಬುದು ಅವನ ಪಕ್ಕದಲ್ಲಿ ಕೂತು ಉಣ್ಣುತ್ತಿದ್ದ ನನಗೆ ಗೊತ್ತಿತ್ತು. ತುತ್ತು ಅವನ ಕೈಯಲ್ಲೇ ನಿಂತುಬಿಡುತ್ತಿತ್ತು.

ಮೀನಿನ ತೊಟ್ಟಿಯೂ ಅಂಥದೇ ಇನ್ನೊಂದು ಹುಚ್ಚು ಎಂದು ಎಲ್ಲರೂ ತಿಳಿದಿದ್ದೆವು. ಕಬ್ಬಿಣದ ಚೌಕಟ್ಟು ಮಾಡಿಸಿ, ಗಾಜು ಕೂರಿಸಿ, ಸಂದಿಗೆಲ್ಲ ತಾನೇ ಪುಟ್ಟಿ ಮೆತ್ತಿದ. ಮೊದಲ ವಾರ ಅದು ಸೋರಿ ಅಮ್ಮನ ಚಾಪೆಗಳೆಲ್ಲ ತೊಯ್ದುಹೋದವು. ಆಮೇಲೆ ಜಾಮಾ ಮಸೀದಿಯ ಬಳಿಯ ಅಂಗಡಿಯಿಂದ ಐದು ಕ್ಯಾಟ್‌ಫಿಶ್ ತಂದ. ಎರಡು ಅಂಗುಲದ ಕಂದು ಮೀನುಗಳು, ಮೈಗೆ ಕವಚ ತೊಡಿಸಿದ ಹಾಗೆ ಚಿಪ್ಪು, ಬಾಯಿಯ ಕೆಳಗೆ ಮೀಸೆ. ಇಡೀ ದಿನ ಮರಳು ಕೆದಕುತ್ತಿದ್ದವು. ಆಗಾಗ ಏನೋ ನೆನಪಾದಂತೆ ಮೇಲಕ್ಕೆ ಚಿಮ್ಮಿ, ಒಂದು ಗುಟುಕು ಗಾಳಿ ಕುಡಿದು, ಮತ್ತೆ ತಳ ಸೇರುತ್ತಿದ್ದವು. ಮನೆಯಲ್ಲಿ ಮೀನೇ ಎಂದು ಅಜ್ಜಿ ಮೊದಲು ಮೂಗು ಮುರಿದಳು. ಕೊನೆಗೆ, 'ತಿನ್ನೋದಿಲ್ಲ ತಾನೆ? ಇರ್ಲಿ ಬಿಡು. ದೇವರೇ ಒಂದ್ಸಲ ಮೀನಾಗಿದ್ದ' ಎಂದು ತಾನೇ ಅವಕ್ಕೆ ಮೀಸೆ ಮೀನು ಎಂದು ಹೆಸರಿಟ್ಟಳು. ಅಂಗಡಿಯವನು ಚಿಕ್ಕಪ್ಪನಿಗೆ ಹೇಳಿದ್ದನಂತೆ, ಇವು ಕಲ್ಕತ್ತೆಯಿಂದ ರೈಲಿನಲ್ಲಿ ಬಂದವು, ದಿಲ್ಲಿಯ ಸೆಕೆಯಲ್ಲಿ ಯಾರ ಮನೆಯಲ್ಲೂ ಮರಿ ಮಾಡಿಲ್ಲ ಎಂದು. ಅಷ್ಟು ಸಾಕಾಯಿತು. ಇವುಗಳ ಮರಿ ಬೆಳೆಸಿ ಅಣ್ಣನ ಮುಂದೆ ನಿಲ್ಲಿಸುತ್ತೇನೆ ಎಂದು ಹಟ ತೊಟ್ಟ. ಎರಡು ವರ್ಷವಾದರೂ ಆ ಹಟ ಬಿಡದಿದ್ದದ್ದು ನಮಗೆಲ್ಲ ಆಶ್ಚರ್ಯ. ಕೆಂಪು ಹುಳ ತಂದು ಹಾಕಿದ, ಕಲ್ಲು ಜೋಡಿಸಿದ, ಬೆಳಕು ಮರೆಮಾಡಿದ. ಮೀನುಗಳು ತಿಂದುಂಡು ದಪ್ಪಗಾದವೇ ಹೊರತು ಮೊಟ್ಟೆ ಇಡಲಿಲ್ಲ.

ಆ ವರ್ಷ ಏಪ್ರಿಲ್ ಕೊನೆಯಲ್ಲಿ ಸಂಜೆ ಹೊತ್ತಿಗೆ ಸೂರ್ಯಗ್ರಹಣ ಬಂತು. ಗ್ರಹಣ ಬಿಟ್ಟ ಮೇಲೆ ತಲೆಗೆ ನೀರು ಹಾಕಿಕೊಂಡು, ಮನೆಯಲ್ಲಿ ತುಂಬಿಟ್ಟ ನೀರನ್ನೆಲ್ಲ ಚೆಲ್ಲುವುದು ಅಜ್ಜಿಯ ಪದ್ಧತಿ. ಕೊಡ, ಬಕೆಟ್ಟು, ಹೂಜಿ ಎಲ್ಲ ಬರಿದಾದವು. ಆಮೇಲೆ ಅವಳಿಗೆ ತೊಟ್ಟಿಯ ನೆನಪಾಯಿತು. 'ಅವೂ ಜೀವ ಅಲ್ವೇನೇ ಸುಮೀ, ಗ್ರಹಣ ಹಿಡಿದ ನೀರಲ್ಲಿ ಹೇಗೆ ಬಿಡೋದು?' ಅಂದಳು. ಕಣ್ಣಿಗೆ ಪೊರೆ ಬಂದು ಅವಳಿಗೆ ಎಲ್ಲ ಮಬ್ಬು ಮಬ್ಬು. ಹಾಗಾಗಿ ಚೆಂಬು ಹಿಡಿದು ಅರ್ಧ ತೊಟ್ಟಿ ಖಾಲಿ ಮಾಡಿದವಳು ನಾನು, ಸಂಜೆಯ ನಲ್ಲಿಯಲ್ಲಿ ಆಗತಾನೆ ಬಂದ ತಣ್ಣನೆ ನೀರು ಸುರಿದವಳೂ ನಾನೇ. ಆಫೀಸಿನಿಂದ ಬಂದ ಚಿಕ್ಕಪ್ಪ ತಲೆಯ ಮೇಲೆ ಕೈಹೊತ್ತು ಕೂತ. 'ಅಮ್ಮಾ, ಸತ್ತೇ ಹೋಗ್ತವೆ ನೋಡು' ಅಂದ. ಸಾಯುವುದಿರಲಿ, ಮೀನುಗಳಿಗೆ ಅಂದು ಏನೋ ಹಿಡಿದಂತಾಗಿತ್ತು. ಒಂದರ ಹಿಂದೆ ಒಂದು ಗಾಜಿನುದ್ದಕ್ಕೂ ಓಡಿದವು, ಏರಿದವು, ಇಳಿದವು, ನಿಂತಲ್ಲಿ ನಿಲ್ಲಲಿಲ್ಲ.

ಬೆಳಿಗ್ಗೆ ಚಿಕ್ಕಪ್ಪ ನನ್ನನ್ನು ಹಾಸಿಗೆಯಿಂದ ಎಳೆದುಕೊಂಡೇ ಹೋದ. ಗಾಜಿಗೆ ಮೊಟ್ಟೆಗಳು ಅಂಟಿದ್ದವು, ನೆನೆಸಿದ ಸಬ್ಬಕ್ಕಿಯಂತೆ, ಅದಕ್ಕಿಂತ ಸಣ್ಣವು. ಹೆಣ್ಣು ಮೀನು ಇನ್ನೂ ಇಡುತ್ತಲೇ ಇತ್ತು. ಹೊಟ್ಟೆಯ ಕೆಳಗಿನ ರೆಕ್ಕೆಗಳ ನಡುವೆ ಎರಡು ಮೂರು ಹಿಡಿದು ತಂದು, ಗಾಜನ್ನು ಬಾಯಿಂದ ಸವರಿ, ಮೆಲ್ಲಗೆ ಅಂಟಿಸಿ ಹೋಗುತ್ತಿತ್ತು. ಚಿಕ್ಕಪ್ಪ ಹೋಗಿ ಅಜ್ಜಿಯ ಕಾಲಿಗೆ ಬಿದ್ದ. 'ನಂಗೆ ಎರಡು ವರ್ಷದಲ್ಲಿ ಆಗದ್ದು ನಿನ್ನ ಗ್ರಹಣ ಮಾಡ್ತಮ್ಮಾ!' ಅಂದ. ಅಜ್ಜಿ ಗಾಜಿಗೆ ಮೂಗು ತಾಗಿಸಿ ನೋಡಿ, 'ನಂಗೇನೂ ಕಾಣಲ್ಲಪ್ಪ' ಎಂದು ನಕ್ಕಳು. ಅಪ್ಪ ಕೂಡ ಪೇಪರ್ ಮಡಿಸಿಟ್ಟು ಎದ್ದು ಬಂದು ನೋಡಿದರು. 'ಪರವಾಗಿಲ್ವೇ' ಅಂದರು. ಆ ಒಂದು ಪದಕ್ಕೆ ಚಿಕ್ಕಪ್ಪನ ಮುಖ ಅರಳಿದ್ದನ್ನು ನಾನು ಇವತ್ತಿಗೂ ಮರೆತಿಲ್ಲ.

ಆದರೆ ಅದು ಎಮರ್ಜೆನ್ಸಿಯ ಕಾಲ. ಸರಿಯಾಗಿ ಹತ್ತು ಗಂಟೆಗೆ ಹಾಜರಿ ಪುಸ್ತಕ ಸಾಹೇಬರ ಕೋಣೆ ಸೇರುತ್ತಿತ್ತು. ಚಿಕ್ಕಪ್ಪನ ಹೆಸರಿನ ಮುಂದೆ ಆಗಲೇ ಎರಡು ಕೆಂಪು ಗುರುತು ಬಿದ್ದಿದ್ದವು, ಮೂರನೆಯದಕ್ಕೆ ಕೆಲಸಕ್ಕೇ ಸಂಚಕಾರ. ಇತ್ತ ಈ ಮೀನುಗಳೋ, ಇಟ್ಟು ಮುಗಿದದ್ದೇ ತಮ್ಮ ಮೊಟ್ಟೆಯನ್ನು ತಾವೇ ತಿಂದುಬಿಡುವ ಜಾತಿ. ಚಿಕ್ಕಪ್ಪ ಅಮ್ಮನನ್ನು ಒಪ್ಪಿಸಿ ನನ್ನ ಸ್ಕೂಲು ತಪ್ಪಿಸಿದ. ಜಾಲರಿಯನ್ನೂ ಬಕೆಟ್ಟನ್ನೂ ಪಕ್ಕಕ್ಕಿಟ್ಟು, 'ಹೆಣ್ಣು ಅಂಟಿಸೋದು ನಿಲ್ಲಿಸಿದ ತಕ್ಷಣ ಐದನ್ನೂ ಹಿಡಿದು ಬಕೆಟ್ಟಿಗೆ ಹಾಕು. ಅಲ್ಲೀವರೆಗೂ ಕದಲಬೇಡ. ನಿನ್ನನ್ನೇ ನಂಬಿದೀನಿ' ಅಂದ. 'ಅಚ್ಛಾ ಚಿಕ್ಕಪ್ಪ, ಪಕ್ಕಾ' ಅಂದೆ. ಬಾಗಿಲವರೆಗೆ ಹೋಗಿ ಮತ್ತೆ ಬಂದು ನೋಡಿ ಹೋದ.

ನಾನು ಹುಟ್ಟಾ ಚಡಪಡಿಕೆಯವಳು. ಹನ್ನೊಂದರವರೆಗೆ ಕೂತೆ. ನಲವತ್ತೆರಡು ಮೊಟ್ಟೆ ಎಣಿಸಿದೆ. ಆಗ ಬೀದಿಯಲ್ಲಿ ಡುಗ್ಗಿ ಬಾರಿಸುತ್ತ ಕರಡಿಯವನು ಬಂದ. ಅಮ್ಮ ಮಾರ್ಕೆಟ್ಟಿಗೆ ಹೋಗಿದ್ದಳು. ಅಜ್ಜಿ ವರಾಂಡದಲ್ಲಿ ಕೂತು ಬೆರಳಲ್ಲೇ ತಡವಿ ತಡವಿ ಅವರೆ ಬೇಳೆ ಆರಿಸುತ್ತಿದ್ದಳು. ಐದು ನಿಮಿಷ ಅಂದುಕೊಂಡೆ. ನಾನು ಅವಳನ್ನು ದಾಟಿ ಓಡುವಾಗ 'ಬಿಸಿಲಲ್ಲಿ ಹೋಗಬೇಡ್ವೇ ಸುಮೀ' ಎಂದು ಕೂಗಿದ್ದು ಕಿವಿಗೆ ಬಿತ್ತು. ಕರಡಿ ಕುಣಿಯಿತು, ಸಲಾಮು ಹೊಡೆಯಿತು. ಅದರ ಹಿಂದೆಯೇ ಮೂರು ಬೀದಿ ಸುತ್ತಿದೆ. ಮರಳಿ ಬಂದಾಗ ಗಾಜು ಬೋಳಾಗಿತ್ತು. ಐದೂ ಮೀನುಗಳು ತಳದಲ್ಲಿ ಏನೂ ಆಗದ ಹಾಗೆ ಮರಳು ಕೆದಕುತ್ತಿದ್ದವು.

ಸಂಜೆ ಚಿಕ್ಕಪ್ಪ ಬಸ್ಸಿಳಿದು ಓಡಿಕೊಂಡೇ ಬಂದ, ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. ತೊಟ್ಟಿ ನೋಡಿದ, ನನ್ನನ್ನು ನೋಡಿದ. ನನ್ನ ಬಾಯಿಂದ ಬಂದದ್ದು ಇಷ್ಟು: 'ಅಜ್ಜಿ ಗಾಜು ಒರೆಸಿಬಿಟ್ಟರು.' ಯಾಕೆ ಹಾಗಂದೆನೋ, ಆ ಕ್ಷಣಕ್ಕೆ ಸುಳ್ಳೇ ಸುಲಭವಾಗಿ ನಾಲಗೆಗೆ ಬಂತು. ಒಳಗೆ ತರಕಾರಿ ಹೆಚ್ಚುತ್ತಿದ್ದ ಅಜ್ಜಿ ತಲೆಯೆತ್ತಿದಳು. ಕಣ್ಣು ಕಾಣದವಳು ನಾನು ನಿಂತ ಕಡೆಗೇ ನೇರ ತಿರುಗಿದಳು. ಆಮೇಲೆ, 'ಹೌದು ಕಣೋ ರಘು. ಕೊಳೆ ಅಂದ್ಕೊಂಡೆ' ಅಂದಳು. ಬೆಳಿಗ್ಗೆ ಅವಳ ಕಾಲಿಗೆ ಬಿದ್ದಿದ್ದ ಚಿಕ್ಕಪ್ಪ ಕೂಗಿದ ಕೂಗಿಗೆ ಪಕ್ಕದ ಮನೆಯವರು ಹೊರಗೆ ಬಂದರು. 'ನಾನು ಹಿಡಿದದ್ದು ಒಂದಾದ್ರೂ ಮುಗಿಯೋಕೆ ಬಿಟ್ಟಿದ್ಯಾ ನೀನು? ಒಂದಾದ್ರೂ?' ಅಜ್ಜಿ ಮತ್ತೆ ತರಕಾರಿ ಹೆಚ್ಚತೊಡಗಿದಳು. ಅಪ್ಪ ಅಂದು ಊಟಕ್ಕೆ ಕೂತಾಗ ಚಿಕ್ಕಪ್ಪನಿಗೆ ಎಂದಿನ ಆ ಮಾತನ್ನೂ ಅನ್ನಲಿಲ್ಲ. ಬೈದಿದ್ದರೇ ವಾಸಿಯಿತ್ತು.

ಮುಂದಿನ ಭಾನುವಾರ ಚಿಕ್ಕಪ್ಪ ಮೀನುಗಳನ್ನು ಡಬ್ಬಿಯಲ್ಲಿ ತುಂಬಿಕೊಂಡು ಹೋಗಿ ಯಾರೋ ಸಹೋದ್ಯೋಗಿಗೆ ಕೊಟ್ಟು ಬಂದ. ಮತ್ತೆ ಯಾವ ಹುಚ್ಚನ್ನೂ ಹಚ್ಚಿಕೊಳ್ಳಲಿಲ್ಲ. ಆಫೀಸು, ಮನೆ, ರೇಡಿಯೋ. ಹೊಸದೊಂದನ್ನು ಶುರು ಮಾಡುವ ಆ ಹಾರಾಟವೇ ಅವನಲ್ಲಿ ಸತ್ತುಹೋಯಿತು. ಅಜ್ಜಿ ನನ್ನನ್ನು ಒಂದು ದಿನವೂ ಕೇಳಲಿಲ್ಲ, ಜಡೆ ಹಾಕುವಾಗ ಕೂಡ. ಅವಳ ಬೆರಳು ಕೂದಲಲ್ಲಿ ಆಡುತ್ತಿದ್ದಷ್ಟು ಹೊತ್ತು ನನಗೆ ಕೂತಿರಲು ಆಗುತ್ತಿರಲಿಲ್ಲ. ಎರಡು ವರ್ಷದ ಮೇಲೆ ತೀರಿಕೊಂಡಳು. ವೈಕುಂಠ ಸಮಾರಾಧನೆಯ ದಿನ ಊಟವೆಲ್ಲ ಮುಗಿದ ಮೇಲೆ ಚಿಕ್ಕಪ್ಪ ಹಿಂದಿನ ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತು ಅಂದ, 'ಆವತ್ತು ಅಮ್ಮನಿಗೆ ಹಾಗನ್ನಬಾರದಿತ್ತು, ಸುಮೀ. ಪಾಪ, ಕಣ್ಣು ಕಾಣದವಳು.' ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. 'ಕಾಫಿ ತರ್ಲಾ ಚಿಕ್ಕಪ್ಪ?' ಎಂದು ಎದ್ದೆ.

ಅದಾದ ಮೇಲೂ ಚಿಕ್ಕಪ್ಪ ಬಹಳ ವರ್ಷ ಬದುಕಿದ್ದ. ಪ್ರತಿ ವರ್ಷ ಅಜ್ಜಿಯ ತಿಥಿಯ ದಿನ ಅವನು ಆ ಮಾತು ಎತ್ತುತ್ತಿದ್ದ, ಪ್ರತಿ ವರ್ಷ ನಾನು ಕಾಫಿಗೆಂದು ಏಳುತ್ತಿದ್ದೆ. ಈಗ ಅವನ ತಿಥಿಯೂ ಬರುತ್ತದೆ. ಅಜ್ಜಿ ಗಾಜು ಒರೆಸಿರಲಿಲ್ಲ, ಚಿಕ್ಕಪ್ಪ. ನಾನು ಕರಡಿ ನೋಡಲು ಹೋಗಿದ್ದೆ.