ಹಿನ್ನೀರು ಬಿಟ್ಟುಕೊಟ್ಟ ಗದ್ದಿಗೆ

ಧಾರವಾಡದಿಂದ ಮುಧೋಳದ ಬಸ್ಸು ಹತ್ತಿದಾಗ ಮೇ ತಿಂಗಳ ಬೆಳಗು ಇನ್ನೂ ತಂಪಾಗಿತ್ತು. ನನಗೆ ಸರ್ಕಾರದ ಉಚಿತ ಟಿಕೆಟ್ಟು. ಪಕ್ಕದಲ್ಲಿದ್ದ ಗೆಳತಿ ಹೆಲ್ಗಾಗೆ ದುಡ್ಡಿನ ಟಿಕೆಟ್ಟು. ಅವಳು ಜರ್ಮನಿಯ ಸಣ್ಣ ಊರೊಂದರಲ್ಲಿ ಪಾದ್ರಿಯಾಗಿ ನಿವೃತ್ತಳಾದವಳು, ನಾನು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸಿದವಳು. ಅವಳ ದೇಶದಲ್ಲಿ ಚರ್ಚಿನ ತೆರಿಗೆಯನ್ನು ಸರ್ಕಾರವೇ ವಸೂಲಿ ಮಾಡಿಕೊಡುತ್ತದೆ. ಪಕ್ಕದ ಫ್ರಾನ್ಸಿನಲ್ಲಿ ಧರ್ಮದ ಗೊಡವೆಯೇ ಬೇಡವೆಂದ ಸರ್ಕಾರ ಹಳೆಯ ಚರ್ಚುಗಳ ಕಟ್ಟಡಗಳನ್ನು ಮಾತ್ರ ತನ್ನದಾಗಿಸಿಕೊಂಡಿದೆ. ಇಂಗ್ಲೆಂಡಿನಲ್ಲಿ ಬಿಷಪ್ಪರು ಸಂಸತ್ತಿನಲ್ಲೇ ಕೂರುತ್ತಾರೆ. ನಮ್ಮಲ್ಲಿ ಇಲಾಖೆಯೊಂದು ದೇವಸ್ಥಾನ ನೋಡಿಕೊಂಡು ಪೂಜಾರಿಗೆ ತಸ್ತೀಕು ಎಂದು ವರ್ಷಕ್ಕಿಷ್ಟು ಹಣ ಕೊಡುತ್ತದೆ. ಇದನ್ನೆಲ್ಲ ಮಾತಾಡುತ್ತಲೇ ಮುಧೋಳ ಬಂತು. ಖಾನಾವಳಿಯೊಂದರಲ್ಲಿ ಜೋಳದ ರೊಟ್ಟಿ, ಎಣಗಾಯಿ ಉಂಡು ಬನಹಟ್ಟಿಯ ಬಸ್ಸು ಹಿಡಿದೆವು.

ಬನಹಟ್ಟಿಯಲ್ಲಿ ಇಳಿದುಕೊಂಡದ್ದು ನನ್ನ ಹಳೆಯ ವಿದ್ಯಾರ್ಥಿನಿ ಶಾಂತಾಳ ಮನೆಯಲ್ಲಿ. ಗಂಡನದು ಪವರ್‌ಲೂಮ್. ಪಡಸಾಲೆಯವರೆಗೂ ಮಗ್ಗದ ಸದ್ದು, ಎಲ್ಲರೂ ಕೂಗಿಯೇ ಮಾತಾಡಬೇಕು. ಚಹಾ ಕುಡಿಯುತ್ತಿದ್ದಾಗ ಕರೆಂಟು ಹೋಯಿತು. ಇಡೀ ಓಣಿಯ ಮಗ್ಗಗಳು ಒಮ್ಮೆಲೇ ನಿಂತವು. ಆ ಮೌನ ಕಿವಿಗೆ ನೋವಾಗುವಷ್ಟು ಇತ್ತು. ಶಾಂತಾ ದನಿ ತಗ್ಗಿಸಿ ತಂದೆಯ ವಿಷಯ ತೆಗೆದಳು.

ಅವಳ ತವರು ಬೀಳಗಿ ತಾಲೂಕಿನ ಒಂದು ಹಳ್ಳಿ, ಅವಳು ಚಿಕ್ಕವಳಿದ್ದಾಗಲೇ ಆಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ್ದು. ಅಲ್ಲಿ ಶರಣರೊಬ್ಬರ ಸಮಾಧಿ ಇತ್ತು; ಊರವರಿಗೆ ಅದು ಗದ್ದಿಗೆ, ಒಳಗಿದ್ದವರು ಅಜ್ಜ. ಪೂಜೆ ಅವಳ ತಂದೆ ಗುರುಪಾದಯ್ಯನವರದು. ಊರೆಲ್ಲ ಪುನರ್ವಸತಿ ಕೇಂದ್ರಕ್ಕೆ ಬಂದರೂ ಅವರು ಪ್ರತಿ ಬೇಸಿಗೆಯಲ್ಲಿ ನೀರು ಇಳಿದಾಗ ಹಳೆಯ ಜಾಗಕ್ಕೆ ಹೋಗಿ ಪೂಜೆ ಮಾಡಿ ಬರುತ್ತಿದ್ದರು. ಹೊಸದಾಗಿ ಬಂದ ಸರ್ಕಾರಿ ಅಧಿಕಾರಿ ಈಗ ಷರತ್ತು ಹಾಕಿದ್ದರು. ಆ ಜಾಗ ಆಣೆಕಟ್ಟಿನದು, ಕೆಸರಿನಲ್ಲಿ ಜೀವಕ್ಕೆ ಅಪಾಯ. ಗದ್ದಿಗೆಯ ಒಂದು ಕಲ್ಲು ತಂದು ಹೊಸ ಊರಿನಲ್ಲಿ ಇಡಿ, ಹಳೆಯದನ್ನು ಕೈಬಿಡಿ, ಆಗ ಹೊಸ ಗುಡಿಗೆ ಇಲಾಖೆಯ ಮಾನ್ಯತೆ ಎಂದಿದ್ದರು.

"ಅಪ್ಪ ನಾಳೆ ಕಲ್ಲ ತರಾಕ ಹೊಂಟಾನ್ರಿ," ಎಂದಳು ಶಾಂತಾ. "ಹದಿನೈದು ದಿನಾ ಆತು, ಸರಿಯಾಗಿ ಉಂಡಿಲ್ಲ. ನೀವು ಸಂಗಡ ಹೋಗ್ರಿ."

ಮರುದಿನ ಜಮಖಂಡಿಯಲ್ಲಿ ಬಸ್ಸು ಬದಲಿಸಿ ಬೀಳಗಿ ಸೇರಿದೆವು. ಗುರುಪಾದಯ್ಯನವರು ಬಸ್‌ಸ್ಟ್ಯಾಂಡಿನಲ್ಲೇ ಹಾರೆ ಹಿಡಿದು ನಿಂತಿದ್ದರು. ಎಪ್ಪತ್ತು ದಾಟಿದ, ತೆಳ್ಳಗಿನ ಮನುಷ್ಯ. ಆಟೋ ಕಬ್ಬಿನ ಗದ್ದೆಗಳನ್ನು ದಾಟಿ ಹಿನ್ನೀರಿನ ಅಂಚಿನಲ್ಲಿ ಬಿಟ್ಟಿತು. ಅಲ್ಲಿಂದ ಮುಂದೆ ನೀರು ಬಿಟ್ಟುಹೋದ ನೆಲ. ಬಿರುಕು ಬಿಟ್ಟ ಕೆಸರು, ಬಿಳಿ ಶಂಖದಹುಳುವಿನ ಚಿಪ್ಪುಗಳು, ಮೊಣಕಾಲೆತ್ತರ ಉಳಿದ ಗೋಡೆಗಳು. ಹಕ್ಕಿಯ ದನಿಯೂ ಇಲ್ಲ. ನಡು ಮಧ್ಯಾಹ್ನದ ಬಿಸಿಲಿನಲ್ಲಿ ಹೆಲ್ಗಾ ಒಂದು ಗೋಡೆ ದಾಟಿ ಅಡ್ಡ ಹೋಗಲು ಕಾಲೆತ್ತಿದಳು. ಗುರುಪಾದಯ್ಯನವರು ಅವಳ ತೋಳು ಹಿಡಿದರು.

"ಅದು ಅಡಗಿ ಮನಿ. ಓಣ್ಯಾಗ ಬರ್ರಿ."

ಗದ್ದಿಗೆ ಊರಿನ ಕೊನೆಯಲ್ಲಿತ್ತು. ಸುತ್ತಲಿನ ಎಲ್ಲದರ ಮೇಲೂ ಬೆರಳುದ್ದ ಹೂಳು ಕೂತಿತ್ತು. ಗದ್ದಿಗೆಯ ಕರಿಗಲ್ಲು ಮಾತ್ರ ಈಗಷ್ಟೇ ಒರೆಸಿದಂತೆ ಹೊಳೆಯುತ್ತಿತ್ತು. ಈ ವರ್ಷ ಯಾರು ಬಂದಿದ್ದರು ಎಂದು ಕೇಳಿದೆ. ಯಾರೂ ಬಂದಿಲ್ಲ ಎಂದರು. ಅವರಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ.

ಹಾರೆ ಕೆಳಗಿಟ್ಟು ಹೆಲ್ಗಾಳ ಕಡೆ ತಿರುಗಿದರು. ಅವಳೊಮ್ಮೆ ಚರ್ಚು ಮುಚ್ಚಿದವಳೆಂದು ಮಗಳಿಂದ ಕೇಳಿದ್ದರು. ಹೇಗೆ ಮುಚ್ಚಿದಿರಿ ಎಂದು ಕೇಳಿದರು. ನಾನು ಇಬ್ಬರ ನಡುವೆ ಮಾತು ದಾಟಿಸಿದೆ. ಜನ ಕಡಿಮೆಯಾಗಿದ್ದರು, ಮೇಲಿನವರ ಅಪ್ಪಣೆ ಬಂತು, ಕೊನೆಯ ಪ್ರಾರ್ಥನೆ ಹೇಳಿ, ದೀಪ, ಬೈಬಲ್ಲು ಹೊರಗೆ ತಂದು, ಬೀಗ ಹಾಕಿದೆ ಎಂದಳು. ಆಮೇಲೆ ಅದು ಕಾನೂನಿನ ಪ್ರಕಾರ ಬರೀ ಕಟ್ಟಡ.

"ಖರೆನ ಖಾಲಿ ಆತೇನ್ರಿ?"

ಹೆಲ್ಗಾ ಹೊಳೆಯುವ ಕಲ್ಲಿನ ಕಡೆ ನೋಡಿದಳು. ಈಗ ಅಲ್ಲಿ ಹೋಟೆಲಿದೆ, ನಾನು ಇವತ್ತಿಗೂ ಒಳಗೆ ಹೋಗಿಲ್ಲ ಎಂದಳು.

"ಆ ಕಡೀ ಪ್ರಾರ್ಥನಾ ಇಲ್ಲಿ ನೀವ ಹೇಳ್ರಿ," ಎಂದರು ಗುರುಪಾದಯ್ಯ. "ಹೋಗು ಅಂತ ಅಜ್ಜಗ ಹೇಳಾಕ ನನಗ ಬಾಯಿ ಬರವಲ್ದು."

ತನಗೆ ಇಲ್ಲಿ ಆ ಅಧಿಕಾರವಿಲ್ಲ ಎಂದು ಹೆಲ್ಗಾ ತಲೆಯಾಡಿಸಿದಳು. ಅಧಿಕಾರಿಗೂ ಅದು ಇರಲಿಲ್ಲ, ಗುರುಪಾದಯ್ಯನವರಿಗೂ ಇರಲಿಲ್ಲ. ನೆಲ ತೆಗೆದುಕೊಳ್ಳಲು ಇಲ್ಲಿ ಸರ್ಕಾರವಿತ್ತು. ಅಲ್ಲಿದ್ದವರನ್ನು ಎಬ್ಬಿಸಲು ಯಾರೂ ಇರಲಿಲ್ಲ. ಇಷ್ಟು ವರ್ಷ ಪಾಠ ಮಾಡಿದ ನನಗೆ ಇದು ಹೊಳೆದಿರಲಿಲ್ಲ.

ಗುರುಪಾದಯ್ಯನವರೇ ಕೈ ಮುಗಿದು ಅಂಚಿನ ಕಲ್ಲಿಗೆ ಹಾರೆ ಕೊಟ್ಟರು. ಕಲ್ಲು ಒಂದು ಬೆರಳಿನಷ್ಟು ಎದ್ದಿತು. ಸಂದಿಯಿಂದ ತಣ್ಣನೆಯ ಗಾಳಿ ಮೇಲೆದ್ದು ನನ್ನ ಕಾಲಿಗೆ ತಾಗಿತು. ಒಳಗೆ ಮಲಗಿದ್ದವರು ಮಗ್ಗಲು ಬದಲಿಸಿ ಉಸಿರು ಬಿಟ್ಟಂತಿತ್ತು. ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಹೆಲ್ಗಾ ನನ್ನ ಕೈ ಹಿಡಿದಳು. ಗುರುಪಾದಯ್ಯನವರು ಕಲ್ಲನ್ನು ನಿಧಾನವಾಗಿ, ಮಗುವನ್ನು ಮಲಗಿಸಿದಂತೆ ಕೆಳಗಿಳಿಸಿದರು. ವಿಭೂತಿ ಹಚ್ಚಿ ಎದ್ದರು.

ಬರಿಗೈಯಲ್ಲಿ ಮರಳಿದೆವು. ಬೀಳಗಿಯಲ್ಲಿ ಅವರು ನೇರ ಅಧಿಕಾರಿಯ ಕಚೇರಿಗೆ ಹೋಗಿ ಆಗುವುದಿಲ್ಲ ಎಂದರು. ಮಾನ್ಯತೆ ಸಿಗುವುದಿಲ್ಲವಲ್ಲ ಎಂದು ಅಧಿಕಾರಿ ಅಂದದ್ದಕ್ಕೆ, ನೀವೇ ಒಮ್ಮೆ ಬಂದು ಅಜ್ಜನಿಗೆ ಹೇಳಿ, ಎದ್ದರೆ ನಾನೇ ಹೊತ್ತು ತರುತ್ತೇನೆ ಎಂದರು. ಅಧಿಕಾರಿ ಇನ್ನೂ ಚಿಕ್ಕ ವಯಸ್ಸಿನವರು. ನಕ್ಕು, ಬರುತ್ತೇನೆ ಎಂದರು. ಸಂಜೆ ಗುರುಪಾದಯ್ಯನವರು ಖಾನಾವಳಿಯಲ್ಲಿ ನಮ್ಮ ಜೊತೆ ಎರಡು ರೊಟ್ಟಿ ಉಂಡರು.

ನಾನು ಧಾರವಾಡಕ್ಕೆ ಮರಳಿ, ಹೆಲ್ಗಾ ಊರಿಗೆ ಹೋಗಿ, ಮಳೆಗಾಲ ಶುರುವಾದ ಮೇಲೆ ಶಾಂತಾ ಫೋನು ಮಾಡಿದಳು. ಹೊಳೆಗೆ ನೀರು ಬಂದಿತ್ತು, ಊರು ಮತ್ತೆ ಮುಳುಗಿತ್ತು. ಅದಕ್ಕೂ ಮೊದಲು ಅಧಿಕಾರಿ ಬೇರೆ ಯಾರನ್ನೂ ಕರೆಯದೆ ಅವಳ ಅಪ್ಪನ ಜೊತೆ ಹೋಗಿ ಬೂಟು ಬಿಚ್ಚಿ ಗದ್ದಿಗೆಯ ಮುಂದೆ ನಿಂತಿದ್ದರಂತೆ. ಕಲ್ಲಿನ ಮಾತು ಎತ್ತಲಿಲ್ಲವಂತೆ, ಆಮೇಲೂ ಎತ್ತಿಲ್ಲವಂತೆ.

"ಹೊಳ್ಳಿ ಬರುವಾಗ ಅಪ್ಪನ್ನ ಒಂದ ಮಾತ ಕೇಳಿದ್ರಂತ್ರಿ," ಎಂದಳು. "ನಮ್ಮ ಹಿಂದ ನಿಂತಿದ್ದ ಮಂದಿ ಯಾ ಊರಾವ್ರು ಅಂತ."